ಕೂದಲ ಹಗ್ಗ ವೆನಿಸ್‌ಗೆ ಹೋದ ಬಗೆ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಾಹನಗಳ ಬಿಡಿಭಾಗ ಮಾರುವ ಸಾಲು ಅಂಗಡಿಗಳಿವೆಯಲ್ಲ, ಅವುಗಳಲ್ಲೊಂದರ ಬಾಗಿಲಲ್ಲಿ ಸೀಟಿನ ಹೊದಿಕೆ, ಡ್ಯಾಶ್‌ಬೋರ್ಡಿನ ಮೇಲಿಡುವ ಪುಟ್ಟ ಗಣಪತಿ, ಪ್ಲಾಸ್ಟಿಕ್ಕಿನ ನಿಂಬೆಹಣ್ಣು ಮೆಣಸಿನಕಾಯಿಗಳ ಜೊತೆಗೆ ಒಂದು ಮೊಳೆಗೆ ಕಪ್ಪು ಹಗ್ಗಗಳ ಗೊಂಚಲು ತೂಗುತ್ತಿತ್ತು. ಹೊಸ ಗಾಡಿ ಕೊಂಡವರು ಬಂಪರಿಗೋ ಆಕ್ಸಲಿಗೋ ಕಟ್ಟಿಕೊಳ್ಳುವ, ದೃಷ್ಟಿ ತಾಗದಿರಲೆಂದು ಕಟ್ಟುವ ಕೂದಲ ಹಗ್ಗ ಅದು. ನನ್ನ ಬಳಿ ಕಾರಿಲ್ಲ. ಆದರೂ ಒಂದನ್ನು ಕೊಂಡೆ. ಕಿರುಬೆರಳಿನಷ್ಟು ದಪ್ಪ, ಒಂದು ಮಾರಿನಷ್ಟು ಉದ್ದ. ದೂರದಿಂದ ಕಪ್ಪಾಗಿ ಕಂಡದ್ದು ಬೆಳಕಿಗೆ ಹಿಡಿದಾಗ ಕಪ್ಪಾಗಿರಲಿಲ್ಲ. ಅದರಲ್ಲಿ ಕಂದು ಎಳೆಗಳಿದ್ದವು, ಅಲ್ಲಲ್ಲಿ ಬಿಳಿಕೂದಲೂ ಸೇರಿಕೊಂಡಿತ್ತು. ಹೊಸೆದಲ್ಲಿ ನಿಲ್ಲದ ಮೊಂಡು ತುದಿಗಳು ಅಂಗೈಗೆ ಚುಚ್ಚುತ್ತಿದ್ದವು. ಎಣ್ಣೆಯ ವಾಸನೆ ಉಳಿದಿರಬಹುದೆಂದು ಮೂಗಿನ ಹತ್ತಿರ ಹಿಡಿದು ನೋಡಿದೆ. ಧೂಳಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

ಇದೇ ಬಗೆಯ ಹಗ್ಗ 2009ರಲ್ಲಿ, ಇಟಲಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಪ್ರದರ್ಶನವಾದ ವೆನಿಸ್ ಬಿನಾಲೆಯನ್ನು ಸೇರಿತ್ತು. ಡೇನಿಯಲ್ ಬಿರ್ನ್‌ಬಾಮ್ ರೂಪಿಸಿದ ಆ ವರ್ಷದ ಮುಖ್ಯ ಪ್ರದರ್ಶನದಲ್ಲಿ ಶೀಲಾ ಗೌಡ ಅವರ ‘ಬಿಹೋಲ್ಡ್’ ಎಂಬ ಪ್ರತಿಷ್ಠಾಪನಾ ಕೃತಿಯಿತ್ತು. ಕಿಲೋಮೀಟರುಗಟ್ಟಲೆ ಉದ್ದದ ಕೂದಲ ಹಗ್ಗವನ್ನು ಗೋಡೆಗಳ ಮೇಲೆ, ನೆಲದ ಮೇಲೆ ಗಂಟುಗಂಟಾಗಿ ಹರಿಯಬಿಟ್ಟು, ಅದರ ಬಲದಿಂದಲೇ ಕಾರಿನ ಉಕ್ಕಿನ ಬಂಪರ್‌ಗಳನ್ನು ತೂಗುಹಾಕಿದ ಕೃತಿ. ಬೀದಿಯಲ್ಲಿ ಬಂಪರು ಹಗ್ಗವನ್ನು ಹೊರುತ್ತದೆ; ಇಲ್ಲಿ ಹಗ್ಗವೇ ಬಂಪರನ್ನು ಹೊತ್ತಿದೆ. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಆರ್.ಎಂ. ಹಡಪದ್ ಅವರ ಕೆನ್ ಕಲಾಶಾಲೆಯಲ್ಲಿ ಕಲಿತು, ಶಾಂತಿನಿಕೇತನಕ್ಕೂ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗೂ ಹೋಗಿಬಂದು, ಮತ್ತೆ ಇದೇ ಊರಿನಲ್ಲಿ ನೆಲೆಸಿ ಕೆಲಸ ಮಾಡುತ್ತಿರುವ ಕಲಾವಿದೆ ಅವರು. ‘ಬಿಹೋಲ್ಡ್’ ಈಗ ಲಂಡನ್ನಿನ ಟೇಟ್ ಕಲಾಸಂಗ್ರಹಾಲಯದ ಸಂಗ್ರಹದಲ್ಲಿದೆ.

ನಾನು ಆ ಕೃತಿಯನ್ನು ಕಣ್ಣಾರೆ ನೋಡಿಲ್ಲ. ಚಿತ್ರಗಳಲ್ಲಿ ಎಷ್ಟೋ ಸಲ ನೋಡಿದ್ದೇನೆ. ಹಗ್ಗವನ್ನು ಮುಟ್ಟಿದವನಿಗೆ ಕೃತಿ ಸಿಕ್ಕಿಲ್ಲ, ಕೃತಿಯ ಮುಂದೆ ನಿಂತ ಲಂಡನ್ನಿನವರಲ್ಲಿ ಬಹುತೇಕರು ಹಗ್ಗವನ್ನು ಅದರ ಬೀದಿಯಲ್ಲಿ ಕಂಡಿಲ್ಲ. ಏಷ್ಯಾದ ಸಮಕಾಲೀನ ಕಲೆ ಜಗತ್ತಿನ ಕಣ್ಣಿಗೆ ಹೆಚ್ಚು ಹೆಚ್ಚಾಗಿ ಬೀಳುತ್ತಿರುವ ಈ ಮೂರೂವರೆ ದಶಕಗಳ ಬಗ್ಗೆ ಓದುವಾಗಲೆಲ್ಲ ನನ್ನನ್ನು ಕಾಡುವುದು ಈ ಸಂಗತಿಯೇ. ಇಂದು ಬರೆಯಲು ಕೂತಿರುವುದೂ ಅದಕ್ಕಾಗಿ.

ವೆನಿಸ್ ಬಿನಾಲೆ ಆರಂಭವಾದದ್ದು 1895ರಲ್ಲಿ. ಜರ್ಮನಿಯ ಕಾಸೆಲ್ ನಗರದ ಕಲಾಪ್ರದರ್ಶನ ಡಾಕ್ಯುಮೆಂಟಾ 1955ರಲ್ಲಿ. ಬಹಳ ಕಾಲ ಇವೆರಡೂ ಯುರೋಪು ಮತ್ತು ಅಮೆರಿಕದ ಕಲೆಯನ್ನೇ ಜಗತ್ತಿನ ಕಲೆಯೆಂದು ತೋರಿಸುತ್ತ ಬಂದವು. ಏಷ್ಯಾದವರು ಅಲ್ಲಿ ಇರಲೇ ಇಲ್ಲವೆಂದಲ್ಲ, 1966ರಲ್ಲಿ ಜಪಾನಿನ ಕಲಾವಿದೆ ಯಾಯೊಯಿ ಕುಸಾಮಾ ವೆನಿಸ್ಸಿನ ಹುಲ್ಲುಹಾಸಿನ ಮೇಲೆ 1,500 ಕನ್ನಡಿಗೋಳಗಳನ್ನು ಹರಡಿದ್ದರು. ಆದರೆ ಹಾಗೆ ಬಂದವರು ಒಬ್ಬೊಬ್ಬರಾಗಿ ಬಂದವರು. 1989ರಲ್ಲಿ ಪ್ಯಾರಿಸ್ಸಿನಲ್ಲಿ ಜ್ಯಾಂ ಯೂಬೇರ್ ಮಾರ್ತ್ಯಾಂ ನಡೆಸಿದ ‘ಮಾಜಿಸ್ಯಾಂ ದ ಲಾ ತೇರ್’ (ಭೂಮಿಯ ಮಾಂತ್ರಿಕರು) ಪ್ರದರ್ಶನ ಪಾಶ್ಚಾತ್ಯ ಕಲಾವಿದರನ್ನೂ ಉಳಿದ ಜಗತ್ತಿನ ಕಲಾವಿದರನ್ನೂ ಸರಿಸುಮಾರು ಸಮಸಂಖ್ಯೆಯಲ್ಲಿ ಒಂದೇ ಸೂರಿನಡಿ ತಂದಿತು. ಮಿಥಿಲೆಯ ಬೌವಾ ದೇವಿ, ವಾರ್ಲಿ ಚಿತ್ರಕಾರ ಜೀವ್ಯಾ ಸೋಮಾ ಮಶೆ ಅಲ್ಲಿದ್ದರು. ಪಾಶ್ಚಾತ್ಯರನ್ನು ಆಧುನಿಕರೆಂದೂ ಉಳಿದವರನ್ನು ಮಾಂತ್ರಿಕರೆಂದೂ ನೋಡಿದ ಪ್ರದರ್ಶನವದು ಎಂಬ ಟೀಕೆ ಆಗಲೇ ಬಂತು, ಮತ್ತು ಆ ಟೀಕೆಯಲ್ಲಿ ಹುರುಳಿತ್ತು.

ಹೆಚ್ಚು ಆಳವಾದ ಬದಲಾವಣೆ ನಡೆದದ್ದು ಏಷ್ಯಾದ ಊರುಗಳೇ ತಮ್ಮ ಪ್ರದರ್ಶನಗಳನ್ನು ಕಟ್ಟಿಕೊಂಡಾಗ ಎಂದು ನಾನು ನಂಬುತ್ತೇನೆ. ನಮ್ಮ ದೇಶದಲ್ಲಿ ಈ ಯತ್ನ ಬಹಳ ಮೊದಲೇ ನಡೆದಿತ್ತು. 1968ರಲ್ಲಿ ಮುಲ್ಕ್ ರಾಜ್ ಆನಂದ್ ಅವರ ಮುಂದಾಳತ್ವದಲ್ಲಿ ಲಲಿತ ಕಲಾ ಅಕಾಡೆಮಿ ದೆಹಲಿಯಲ್ಲಿ ಮೂರು ವರ್ಷಕ್ಕೊಮ್ಮೆಯ ಪ್ರದರ್ಶನವಾದ ಟ್ರಿನಾಲೆಯನ್ನು ಮೊದಲ ಸಲ ನಡೆಸಿತು. ಢಾಕಾದ ಏಷ್ಯನ್ ಬಿನಾಲೆ 1981ರಲ್ಲಿ ಬಂತು. ಆದರೆ ಅಲೆ ಎದ್ದದ್ದು ತೊಂಬತ್ತರ ದಶಕದಿಂದ ಈಚೆಗೆ. 1993ರಲ್ಲಿ ನೆರೆಯ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನ ಏಷ್ಯಾ ಪೆಸಿಫಿಕ್ ಟ್ರಿನಾಲೆ, 1995ರಲ್ಲಿ ಕೊರಿಯಾದ ಗ್ವಾಂಗ್ಜು ಬಿನಾಲೆ, 1999ರಲ್ಲಿ ಜಪಾನಿನ ಫುಕುವೊಕಾ ಏಷ್ಯನ್ ಆರ್ಟ್ ಮ್ಯೂಸಿಯಂ, 2006ರಲ್ಲಿ ಸಿಂಗಪುರ ಬಿನಾಲೆ. ಗ್ವಾಂಗ್ಜುವಿನದು ಇವುಗಳಲ್ಲೆಲ್ಲ ನನಗೆ ಹತ್ತಿರದ್ದು, ಏಕೆಂದರೆ 1980ರ ಮೇ ತಿಂಗಳಲ್ಲಿ ಸೈನಿಕ ಆಡಳಿತದ ವಿರುದ್ಧ ಎದ್ದು ನಿಂತು ಗುಂಡಿಗೆ ಬಲಿಯಾದ ತನ್ನ ಜನರ ನೆನಪನ್ನು ಆ ಊರು ಒಂದು ಕಲಾಪ್ರದರ್ಶನದ ಅಡಿಪಾಯವಾಗಿ ಇಟ್ಟುಕೊಂಡಿತು. ತನ್ನ ಗಾಯವನ್ನು ತಾನೇ ಹೇಳಿಕೊಳ್ಳಲು ಜಗತ್ತನ್ನು ಮನೆಗೆ ಕರೆದ ಊರು ಅದು. 2012ರ ಡಿಸೆಂಬರ್ 12ರಂದು ಬೋಸ್ ಕೃಷ್ಣಮಾಚಾರಿ ಮತ್ತು ರಿಯಾಸ್ ಕೋಮು ಆರಂಭಿಸಿದ ಕೊಚ್ಚಿ ಮುಜಿರಿಸ್ ಬಿನಾಲೆಯೊಂದಿಗೆ ಈ ಅಲೆ ನಮ್ಮ ಪಕ್ಕದ ರಾಜ್ಯಕ್ಕೂ ಬಂದು ಮುಟ್ಟಿತು.

ಕೊಚ್ಚಿಗೆ ಬೆಂಗಳೂರಿನಿಂದ ಒಂದು ರಾತ್ರಿಯ ರೈಲು ಪ್ರಯಾಣ. ಅನಿತಾ ದುಬೆ ಕ್ಯುರೇಟರ್ ಆಗಿದ್ದ, ಅಂದರೆ ಕೃತಿಗಳನ್ನು ಆಯ್ದು ಪ್ರದರ್ಶನವನ್ನು ರೂಪಿಸಿದ್ದ, 2018ರ ಆವೃತ್ತಿಗೆ ನಾನು ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅವರು ಅದುವರೆಗೆ ಕಲಾಪ್ರದರ್ಶನವೆಂದು ನೋಡಿದ್ದು ಕುಮಾರಕೃಪಾ ರಸ್ತೆಯ ಚಿತ್ರಸಂತೆಯನ್ನು ಮಾತ್ರ. ಶಿಲ್ಪಾ ಗುಪ್ತಾ ಅವರ ಕೃತಿಯಿದ್ದ ಕತ್ತಲ ಕೋಣೆಗೆ ಹೋದೆವು. ಅಲ್ಲಿ ನೂರು ಲೋಹದ ಸರಳುಗಳು, ಪ್ರತಿಯೊಂದು ಸರಳಿನ ತುದಿಗೂ ಕವಿತೆಯ ಸಾಲುಗಳಿರುವ ಒಂದು ಹಾಳೆಯನ್ನು ಚುಚ್ಚಲಾಗಿದೆ. ಮೇಲಿನಿಂದ ನೂರು ಮೈಕುಗಳು ಇಳಿಬಿದ್ದಿವೆ. ಮೈಕು ಇಲ್ಲಿ ಕೇಳಿಸಿಕೊಳ್ಳುವುದಿಲ್ಲ, ತಾನೇ ಮಾತಾಡುತ್ತದೆ. ಬರೆದದ್ದಕ್ಕಾಗಿ, ನಂಬಿದ್ದಕ್ಕಾಗಿ ಸೆರೆಗೆ ಹೋದ ನೂರು ಕವಿಗಳ ಸಾಲುಗಳು ಬೇರೆ ಬೇರೆ ಭಾಷೆಗಳಲ್ಲಿ ಒಂದು ಮೂಲೆಯಿಂದ ಎದ್ದು ಇನ್ನೊಂದು ಮೂಲೆಗೆ ಹಬ್ಬುತ್ತವೆ. ‘ನಿನ್ನ ನಾಲಗೆಯಲ್ಲಿ ನಾನು ಹಿಡಿಯಲಾರೆ’ ಎಂಬರ್ಥದ ಅದರ ಹೆಸರು ಹದಿನಾಲ್ಕನೆಯ ಶತಮಾನದ ಅಜರ್‌ಬೈಜಾನಿ ಕವಿ ನಸೀಮಿಯ ಸಾಲಿನಿಂದ ಬಂದದ್ದು.

ಕೃತಿಯನ್ನು ವಿವರಿಸುವ ಗೋಡೆಬರಹವನ್ನು ನಾನು ಕನ್ನಡಕ್ಕೆ ತಂದು ಹೇಳಲು ಬಾಯಿ ತೆರೆಯುವ ಮೊದಲೇ ಅಮ್ಮ, “ಒಬ್ಬರು ಹೇಳ್ತಾರೆ, ಉಳಿದವರು ಹಿಮ್ಮೇಳ ಹಿಡೀತಾರೆ” ಎಂದರು. ಅವರಿಗೆ ಅಲ್ಲಿನ ಯಾವ ಭಾಷೆಯೂ ತಿಳಿಯುತ್ತಿರಲಿಲ್ಲ. ಆದರೆ ಒಂಟಿ ದನಿಯನ್ನು ಗುಂಪು ಎತ್ತಿಕೊಳ್ಳುವ ಕ್ರಮವನ್ನು ಭಜನೆಯಲ್ಲಿ, ಸೋಬಾನೆಯಲ್ಲಿ ಜೀವಮಾನವಿಡೀ ಕೇಳಿದ ಕಿವಿ ಅದು. ಸೆರೆಮನೆಯ ವಿಷಯ ಹೇಳಿದ ಮೇಲೆ ಇನ್ನೂ ಅರ್ಧ ಗಂಟೆ ಅಲ್ಲೇ ನಿಂತರು, ಒಂದೊಂದು ಹಾಳೆಯ ಹತ್ತಿರವೂ ಹೋಗಿ ಅದನ್ನು ಚುಚ್ಚಿದ್ದ ಸರಳಿನ ತುದಿಯನ್ನು ನೋಡಿದರು. ಅದೇ ಕೃತಿ ಮರುವರ್ಷ ವೆನಿಸ್ಸಿನಲ್ಲೂ ಪ್ರದರ್ಶನಗೊಂಡಿತು. ಅದು ಅಲ್ಲಿ ಹೆಸರು ಮಾಡಿದ ಸುದ್ದಿ ಓದಿದಾಗ ನಮ್ಮಿಬ್ಬರಿಗೂ ಆದ ಸಂತೋಷ ಸಣ್ಣದಲ್ಲ. ನಾವು ಮೊದಲೇ ನೋಡಿದ್ದೆವು.

ಒಂದು ಕೃತಿ ಹೊರಗೆ ಹೋಗುವ ದಾರಿಯೂ ಯಾರಿಗೂ ಕಾಣದೆ ಉಳಿಯುತ್ತದೆ. ಎಲ್ಲ ಶುರುವಾಗುವುದು ಕ್ಯುರೇಟರ್ ಒಬ್ಬರು ಊರಿಗೆ ಬಂದು ಸ್ಟುಡಿಯೊಗಳ ಬಾಗಿಲು ತಟ್ಟುವುದರಿಂದ. ಬೆಂಗಳೂರಿನಲ್ಲಿ ಆ ಭೇಟಿಗೆ ಜಾಗ ಮಾಡಿಕೊಟ್ಟದ್ದು ದೊಡ್ಡ ಕಟ್ಟಡಗಳಿಗಿಂತ ಹೆಚ್ಚಾಗಿ, ಸುರೇಶ್ ಜಯರಾಮ್ 2003ರಲ್ಲಿ ಆರಂಭಿಸಿದ ‘1 ಶಾಂತಿರೋಡ್’ನಂಥ ಕಲಾವಿದರೇ ನಡೆಸುವ ತಾಣಗಳು. ಅಲ್ಲಿನ ಸಂಜೆಯ ಮಾತುಕತೆಗಳಲ್ಲಿ ನೆಲದ ಮೇಲೆ ಕೂತು, ಬೇರೆ ದೇಶದ ಕಲಾವಿದರು ತಮ್ಮ ಕೆಲಸದ ಚಿತ್ರಗಳನ್ನು ಒಂದೊಂದಾಗಿ ತೋರಿಸುವುದನ್ನು ನಾನು ನೋಡಿದ್ದೇನೆ. ನನಗೆ ಸಮಕಾಲೀನ ಕಲೆಯ ಅಕ್ಷರಾಭ್ಯಾಸವಾದದ್ದು ಹಾಗೆ. ಆಯ್ಕೆಯಾದ ಮೇಲೆ ಪೆಟ್ಟಿಗೆ, ವಿಮೆ, ಸುಂಕದ ಕಾಗದ. ಕೃತಿಯನ್ನಿಡುವ ಮರದ ಪೆಟ್ಟಿಗೆಗೂ ಕೀಟ ಸಾಯುವಷ್ಟು ಶಾಖ ಕೊಟ್ಟು ಮುದ್ರೆ ಒತ್ತಿಸಿರಬೇಕು, ಇಲ್ಲದಿದ್ದರೆ ಬಂದರು ದಾಟುವುದಿಲ್ಲ. ಕ್ಯಾನ್ವಾಸಿಗೆ ಇದೆಲ್ಲ ಸುಲಭ. ಸಗಣಿ, ಕೂದಲು, ಬೂದಿಯಿಂದ ಮಾಡಿದ ಕೃತಿಗೆ ಅಷ್ಟು ಸುಲಭವಲ್ಲ.

ಸಗಣಿ, ಬೂದಿ ಎಂದದ್ದು ಮಾತಿಗಲ್ಲ. ತೊಂಬತ್ತರ ದಶಕದಲ್ಲಿ ದೇಶ ಕೋಮುಹಿಂಸೆಯಲ್ಲಿ ಉರಿಯುತ್ತಿದ್ದಾಗ ಶೀಲಾ ಗೌಡ ತೈಲವರ್ಣವನ್ನು ಬದಿಗಿಟ್ಟು ಸಗಣಿಯಲ್ಲಿ ಕೆಲಸ ಮಾಡತೊಡಗಿದರು. ಆಮೇಲೆ ಕುಂಕುಮ ಬಂತು: ಸೂಜಿಗಳಿಗೆ ಪೋಣಿಸಿದ ಅತಿ ಉದ್ದದ ದಾರಗಳನ್ನು ಕುಂಕುಮ ಮತ್ತು ಗೋಂದಿನಿಂದ ಒಟ್ಟುಗೂಡಿಸಿ ಕೆಂಪು ಹಗ್ಗವಾಗಿಸಿ, ತುದಿಯಲ್ಲಿ ಸೂಜಿಗಳ ಗೊಂಚಲನ್ನು ಹಾಗೆಯೇ ಬಿಟ್ಟ 1998ರ ಕೃತಿ. 2007ರ ಡಾಕ್ಯುಮೆಂಟಾಕ್ಕೆ ಅವರು ಒಯ್ದದ್ದು ಊದುಬತ್ತಿಯ ಹಿಟ್ಟನ್ನು. ತಂತಿಬಲೆಯ ಚೌಕಟ್ಟುಗಳ ಮೇಲೆ ಅದನ್ನು ಆಕಾರಗಳಾಗಿ ಇಟ್ಟು, ಹಚ್ಚಿ, ಉರಿದು ಉಳಿದ ಬೂದಿಯನ್ನೇ ಕೃತಿಯಾಗಿಸಿದರು. ಊದುಬತ್ತಿ ಈ ನಾಡಿನ ಕಸುಬು. ಮನೆಮನೆಯಲ್ಲಿ ಹೆಂಗಸರು ಮಣೆಯ ಮೇಲೆ ಹಿಟ್ಟನ್ನು ಕಡ್ಡಿಗೆ ಹೊಸೆದು ಸಂಸಾರ ನಡೆಸಿದ ಬೀದಿಗಳು ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಇವೆ. ಆ ಮಣೆಯ ಸದ್ದು ಗೊತ್ತಿರುವವರಿಗೆ ಕಾಸೆಲ್‌ನ ಬೂದಿಯಲ್ಲಿ ಕೂಲಿಯ ಲೆಕ್ಕವೂ ಕಾಣುತ್ತದೆ.

ಬೆಂಗಳೂರಿನಲ್ಲಿ ಹುಟ್ಟಿ ಚಿತ್ರಕಲಾ ಪರಿಷತ್ತಿನಲ್ಲಿ ಕಲಿತ ರಂಜನಿ ಶೆಟ್ಟರ್ ಅವರ ‘ಏಳು ಕೊಳ, ಕೆಲವು ಮಳೆಹನಿ’ ಎಂಬರ್ಥದ ಹೆಸರಿನ ಶಿಲ್ಪ 2018ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಇದ್ದದ್ದನ್ನೂ ಇಲ್ಲಿ ನೆನೆಯಬೇಕು. ಸ್ಟೀಲಿನ ಬಳುಕುವ ಆಕಾರಗಳ ಮೇಲೆ ಹುಣಸೆಯಲ್ಲಿ ಅದ್ದಿದ ಮಸ್ಲಿನ್ ಬಟ್ಟೆ. ಕಿನ್ನಾಳದ ಗೊಂಬೆ ಮಾಡುವವರು ಹುಣಸೆಬೀಜದ ಅಂಟನ್ನು ತಲೆಮಾರುಗಳಿಂದ ಬಳಸುತ್ತ ಬಂದವರು. ಹುಣಸೆಯೆಂದರೆ ಸಾರಿನ ಹುಳಿ, ಹಿತ್ತಾಳೆ ದೀಪ ತೊಳೆಯುವ ಮುದ್ದೆ ಎಂದು ತಿಳಿದವರಿಗೆ ಅದರ ಬಣ್ಣ ನೆರಳಿನಂತೆ ಹಬ್ಬಿ ನಿಂತದ್ದು ಬೇರೆಯದೇ ಅನುಭವ ಕೊಡುತ್ತದೆ.

2019ರಲ್ಲಿ ವೆನಿಸ್ಸಿನ ಭಾರತದ ಪೆವಿಲಿಯನ್ನಿನಲ್ಲಿ, ಅಂದರೆ ನಮ್ಮ ದೇಶದ ಪ್ರದರ್ಶನದ ಜಾಗದಲ್ಲಿ, ಒಂದು ಕನ್ನಡ ಪದವಿತ್ತು. ಅದಕ್ಕೆ ಎಂಟು ವರ್ಷ ಮೊದಲು, 2011ರಲ್ಲಿ, ರಣಜಿತ್ ಹೊಸಕೋಟೆ ಅವರು ಕ್ಯುರೇಟರ್ ಆಗಿದ್ದ ಪೆವಿಲಿಯನ್ ಬಿಟ್ಟರೆ ನಡುವೆ ನಮ್ಮ ದೇಶದ ಅಧಿಕೃತ ಪೆವಿಲಿಯನ್ ಇರಲಿಲ್ಲ. ಗಾಂಧಿಯವರ 150ನೆಯ ಜನ್ಮವರ್ಷದ ನೆನಪಿನಲ್ಲಿ ರೂಬಿನಾ ಕರೋಡೆ ರೂಪಿಸಿದ ಆ ಪ್ರದರ್ಶನದಲ್ಲಿ, ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ಕಲಿತ ಜಿ.ಆರ್. ಈರಣ್ಣ ಗೋಡೆಯ ತುಂಬ ನೂರಾರು ಮರದ ಪಾದುಕೆಗಳನ್ನು ಜೋಡಿಸಿದ್ದರು. ಪಾದುಕೆಗಳ ಮೇಲೆ ಬೇರೆ ಬೇರೆ ಬದುಕು, ಕಸುಬುಗಳನ್ನು ನೆನಪಿಸುವ ವಸ್ತುಗಳು. ಕೃತಿಯ ಹೆಸರು ‘ನಾವು’. ಇಂಗ್ಲಿಷಿನಲ್ಲಿ ಅದರ ಪಕ್ಕಕ್ಕೆ ‘ವಿ ಟುಗೆದರ್’ ಎಂದು ಎರಡು ಪದ ಬೇಕಾದವು. ಕನ್ನಡಕ್ಕೆ ಒಂದೇ ಸಾಕಾಗಿತ್ತು. ಜಗತ್ತಿನ ಅತಿ ಹಳೆಯ ಬಿನಾಲೆಯಲ್ಲಿ ನಮ್ಮ ಭಾಷೆಯ ಇಷ್ಟು ಚಿಕ್ಕ, ದಿನಕ್ಕೆ ನೂರು ಸಲ ಬಳಸುವ ಪದ ಗೋಡೆಯ ಮೇಲಿತ್ತು ಎಂಬುದನ್ನು ನಾನು ಎಷ್ಟೋ ಗೆಳೆಯರಿಗೆ ಹೇಳಿದ್ದೇನೆ. ಹೆಚ್ಚಿನವರಿಗೆ ಅದು ಮೊದಲ ಸಲ ಕೇಳಿದ ಸಂಗತಿಯಾಗಿತ್ತು.

2024ರ ವೆನಿಸ್ ಬಿನಾಲೆಯಲ್ಲಿ ಬೆಂಗಳೂರಿನಿಂದಲೇ ಹೊರಟ ಅರವಾಣಿ ಆರ್ಟ್ ಪ್ರಾಜೆಕ್ಟ್ ಕೂಡ ಇತ್ತು. ಟ್ರಾನ್ಸ್ ಮಹಿಳೆಯರೂ ಇತರ ಮಹಿಳೆಯರೂ ಜೊತೆಗೂಡಿ ಊರಿನ ಗೋಡೆಗಳಿಗೆ ಬಣ್ಣ ಬಳಿಯುತ್ತ 2016ರಿಂದ ಬೆಳೆದ ತಂಡ ಅದು. ಬೀದಿಯಲ್ಲಿ ದಿಟ್ಟಿಸಿ ನೋಡಿಸಿಕೊಂಡು ನೊಂದವರು ತಾವೇ ಅಲ್ಲಿ ದೊಡ್ಡ ಗೋಡೆಯೊಂದನ್ನು ಜಗತ್ತು ದಿಟ್ಟಿಸುವಂತೆ ಮಾಡಿದರು.

ಕಣ್ಣಿಗೆ ಬೀಳುವುದರಲ್ಲಿ ಅಪಾಯವೂ ಇದೆಯೆಂಬುದನ್ನು 2022ರ ಡಾಕ್ಯುಮೆಂಟಾ ತೋರಿಸಿತು. ಆ ಆವೃತ್ತಿಯ ನೇತೃತ್ವ ಜಕಾರ್ತಾದ ರುವಾಂಗ್ರುಪಾ ತಂಡಕ್ಕೆ ಸಿಕ್ಕಿತ್ತು. ಅದಕ್ಕೆ ಮೊದಲು ಏಷ್ಯಾದ ಯಾರಿಗೂ ಆ ಜವಾಬ್ದಾರಿ ಸಿಕ್ಕಿರಲಿಲ್ಲ. ಅವರು ಇಡೀ ಪ್ರದರ್ಶನವನ್ನು ‘ಲುಂಬುಂಗ್’ ಎಂಬ ಒಂದು ಮಾತಿನ ಮೇಲೆ ಕಟ್ಟಿದರು. ಊರಿನವರೆಲ್ಲ ಹೆಚ್ಚುವರಿ ಭತ್ತವನ್ನು ತಂದು ತುಂಬಿ, ಬೇಕಾದಾಗ ಹಂಚಿಕೊಳ್ಳುವ ಇಂಡೋನೇಷ್ಯಾದ ಕಣಜ ಅದು. ದುಡ್ಡನ್ನೂ ಜಾಗವನ್ನೂ ಅಧಿಕಾರವನ್ನೂ ಕಣಜದ ಧಾನ್ಯದಂತೆ ಹಲವು ತಂಡಗಳ ನಡುವೆ ಹಂಚಿದರು. ಇಂಗ್ಲಿಷಿನಲ್ಲಿ ಇದನ್ನು ವಿವರಿಸಲು ಪುಟಗಟ್ಟಲೆ ಬರೆದದ್ದನ್ನು ಓದಿದೆ. ‘ಊರ ಕಣಜ’ ಎಂದರೆ ನಮ್ಮ ಹಳ್ಳಿಯ ಯಾರಿಗೂ ಮುಂದೆ ಹೇಳಬೇಕಾಗಿರಲಿಲ್ಲ. ಆದರೆ ಪ್ರದರ್ಶನ ತೆರೆದ ಕೆಲವೇ ದಿನಗಳಲ್ಲಿ, ತಾರಿಂಗ್ ಪಾಡಿ ಎಂಬ ತಂಡ 2002ರಲ್ಲಿ ಇಂಡೋನೇಷ್ಯಾದ ಸರ್ವಾಧಿಕಾರಿ ಸುಹಾರ್ತೊ ಕಾಲದ ಹಿಂಸೆಯ ಬಗ್ಗೆ ಬರೆದಿದ್ದ ಬೃಹತ್ ಬ್ಯಾನರಿನಲ್ಲಿ ಯಹೂದಿಗಳನ್ನು ಹೀನಾಯವಾಗಿ ಚಿತ್ರಿಸಿದ ಆಕೃತಿಗಳಿರುವುದು ಗೊತ್ತಾಗಿ, ಅದನ್ನು ಮೊದಲು ಮುಚ್ಚಲಾಯಿತು, ಆಮೇಲೆ ಇಳಿಸಲಾಯಿತು. ಆ ಆಕೃತಿಗಳನ್ನು ಸಮರ್ಥಿಸಲು ಬರುವುದಿಲ್ಲ, ಅದೂ ಜರ್ಮನಿಯ ನೆಲದಲ್ಲಿ. ಆದರೂ ಉಳಿದ ನೂರಾರು ಕಲಾವಿದರ ಕೆಲಸ ಆ ಒಂದು ಬ್ಯಾನರಿನ ನೆರಳಿನಲ್ಲಿ ಮುಚ್ಚಿಹೋದದ್ದು ನನಗೆ ಇಂದಿಗೂ ನೋವಿನ ಸಂಗತಿ. ಒಂದು ಊರಿನ ಸಿಟ್ಟಿನಿಂದ ಹುಟ್ಟಿದ ಚಿತ್ರವನ್ನು ಇನ್ನೊಂದು ಊರು ತನ್ನ ಚರಿತ್ರೆಯ ಮುಂದಿಟ್ಟು ಓದುತ್ತದೆ, ಓದಲೇಬೇಕು. ಅದಕ್ಕೆ ಸಿದ್ಧತೆ ಬೇಕಿತ್ತು.

ಹಾಗಾದರೆ ಹೊರಗಿನವರಿಗೆ ನಮ್ಮ ವಸ್ತು ತಿಳಿಯುವುದೇ ಇಲ್ಲ, ನಮಗಷ್ಟೇ ತಿಳಿಯುತ್ತದೆ ಎಂದು ಹೇಳಲು ನಾನು ಹೊರಟಿಲ್ಲ. ನಿಜ ಹೇಳಬೇಕೆಂದರೆ, ಜೆ.ಸಿ. ರಸ್ತೆಯಲ್ಲಿ ಇಪ್ಪತ್ತು ವರ್ಷ ಓಡಾಡಿಯೂ ಕೂದಲ ಹಗ್ಗವನ್ನು ನಾನು ನೋಡಿರಲಿಲ್ಲ. ವೆನಿಸ್ಸಿನ ಬಿಳಿಗೋಡೆಯ ಚಿತ್ರವನ್ನು ಕಂಡ ಮೇಲೆಯೇ ಅಂಗಡಿಯ ಮೊಳೆಯತ್ತ ನನ್ನ ಕಣ್ಣು ಹೋದದ್ದು. ಅಂತರರಾಷ್ಟ್ರೀಯ ಪ್ರದರ್ಶನಗಳಿಗೆ ನಾನು ಋಣಿಯಾಗಿರುವುದು ಇದಕ್ಕೇ. ಹೊರಗಿನವರು ಹತ್ತಿರ ಬಂದು ನೋಡಿದ್ದರಿಂದ ನಾವು ನಮ್ಮದನ್ನು ನೋಡಲು ಕಲಿತೆವು. ಕೊರತೆಯಿರುವುದು ಆ ನೋಟ ಮರಳಿ ಬರುವ ದಾರಿಯಲ್ಲಿ. ಬೆಂಗಳೂರಿನಲ್ಲಿ ಈಗ ಜಾಗಗಳಿಗೆ ಬರವಿಲ್ಲ. 2009ರಲ್ಲಿ ಮಾಣಿಕ್ಯವೇಲು ಮಹಲಿನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ತೆರೆಯಿತು, 2023ರಲ್ಲಿ ಕಸ್ತೂರಬಾ ರಸ್ತೆಯಲ್ಲಿ ಕಲೆ ಮತ್ತು ಛಾಯಾಚಿತ್ರಗಳ ಸಂಗ್ರಹಾಲಯ ಮ್ಯಾಪ್ ತೆರೆಯಿತು. ಇನ್ನು ಬೇಕಾಗಿರುವುದು ಕನ್ನಡದಲ್ಲಿ ಬರೆದ ಮಾತು.

ಕೆಲವು ವರ್ಷಗಳ ಹಿಂದೆ ನಗರದ ಒಂದು ಗ್ಯಾಲರಿಯಲ್ಲಿ, ಕನ್ನಡ ನಾಡಿನವರೇ ಆದ ಕಲಾವಿದರೊಬ್ಬರ ಕೃತಿಗಳ ಮುಂದೆ, ಕನ್ನಡದಲ್ಲಿ ಒಂದು ಚೀಟಿಯಾದರೂ ಇದೆಯೇ ಎಂದು ಕೇಳಿದ್ದೆ. ಇಲ್ಲಿಗೆ ಬರುವವರಿಗೆಲ್ಲ ಇಂಗ್ಲಿಷ್ ಬರುತ್ತದೆ ಎಂಬ ಉತ್ತರ ಬಂತು. ನನ್ನ ಪಕ್ಕದಲ್ಲೇ ಅಮ್ಮ ನಿಂತಿದ್ದರು. ಅವರು ಏನೂ ಹೇಳದೆ ಹೋಗಿ ಬೆಂಚಿನ ಮೇಲೆ ಕೂತರು. ಕೊಚ್ಚಿಯ ಕತ್ತಲ ಕೋಣೆಯಲ್ಲಿ ಅರ್ಧ ಗಂಟೆ ನಿಂತಿದ್ದವರು ತಮ್ಮ ಊರಿನಲ್ಲಿ ಐದು ನಿಮಿಷಕ್ಕೆ ಕೂತುಬಿಟ್ಟರು.

ಆ ದಿನದಿಂದ ನಾನು ಒಂದು ಕೆಲಸ ಹಿಡಿದಿದ್ದೇನೆ. ಹೊರದೇಶಗಳಲ್ಲಿ ಪ್ರದರ್ಶನಗೊಂಡ ನಮ್ಮ ಕಲಾವಿದರ ಕೃತಿಗಳಿಗೆ, ಪೋಸ್ಟ್‌ಕಾರ್ಡಿನ ಅಳತೆಯಲ್ಲಿ, ಕನ್ನಡದಲ್ಲಿ ಗೋಡೆಬರಹ ಬರೆಯುವುದು. ಬರೆದದ್ದನ್ನು ಮೊದಲು ಅಮ್ಮನಿಗೆ ಓದಿ ಹೇಳುತ್ತೇನೆ. ಅವರು ಎಲ್ಲಿ ಹುಬ್ಬು ಗಂಟಿಕ್ಕುತ್ತಾರೋ ಅಲ್ಲಿ ತಿದ್ದುತ್ತೇನೆ. ಹಗ್ಗ ತಂದ ಸಂಜೆ ‘ಬಿಹೋಲ್ಡ್’ನ ಚಿತ್ರವನ್ನೂ ಹಗ್ಗವನ್ನೂ ಅವರ ಮುಂದಿಟ್ಟೆ. ಅವರು ಚಿತ್ರವನ್ನು ಬಿಟ್ಟು ಹಗ್ಗವನ್ನೇ ಕೈಗೆತ್ತಿಕೊಂಡು, ಬಿಳಿಕೂದಲು ಇರುವಲ್ಲಿ ಹೆಬ್ಬೆರಳು ಆಡಿಸಿ, “ಯಾರ ಹರಕೆಯ ಮುಡಿಯೋ” ಎಂದರು. ತೀರ್ಥಕ್ಷೇತ್ರಗಳಲ್ಲಿ ಹರಕೆ ತೀರಿಸಿ ಕೊಟ್ಟ ಉದ್ದ ಕೂದಲು ವಿಗ್ಗಿನ ವ್ಯಾಪಾರಕ್ಕೆ ಹೋಗುತ್ತದೆ, ಗಿಡ್ಡನೆಯದು ಹಗ್ಗವಾಗುತ್ತದೆ ಎಂದು ನಾನು ಇಂಗ್ಲಿಷಿನಲ್ಲಿ ಓದಿ ತಿಳಿದದ್ದನ್ನು ಅವರು ಬೆರಳಿನಿಂದಲೇ ತಿಳಿದಿದ್ದರು.

ಹೆಸರನ್ನು ಕನ್ನಡಕ್ಕೆ ತರುವುದು ಕಷ್ಟವಾಯಿತು. ‘ನೋಡು’ ಎಂದರೆ ತೀರ ಸಪ್ಪೆ, ‘ಅವಲೋಕಿಸು’ ಎಂದರೆ ತೀರ ಪುಸ್ತಕದ್ದು. ಬರೆದು ಹೊಡೆದುಹಾಕಿದ್ದನ್ನು ನೋಡಿ ಅಮ್ಮನೇ ಹೇಳಿದರು, “ದೃಷ್ಟಿ ಅಂತ ಬರಿ.” ನೋಡುವುದಕ್ಕೂ ಅದೇ ಪದ, ಕೆಟ್ಟ ಕಣ್ಣಿಗೂ ಅದೇ ಪದ. ಕೃತಿಯ ಹೆಸರನ್ನು ಬದಲಿಸುವ ಹಕ್ಕು ನನಗಿಲ್ಲವಾದ್ದರಿಂದ ಮೂಲದ ಹೆಸರನ್ನು ಹಾಗೆಯೇ ಉಳಿಸಿ, ಅಮ್ಮನ ಪದವನ್ನು ಕೆಳಗಿನ ಸಾಲಿಗೆ ತಂದೆ. ಕಾರ್ಡಿನಲ್ಲಿ ಈಗ ಇರುವುದು ಇಷ್ಟು:

ಶೀಲಾ ಗೌಡ. ಹುಟ್ಟು: ಭದ್ರಾವತಿ, 1957. ಬೆಂಗಳೂರಿನಲ್ಲಿ ವಾಸ.
ಬಿಹೋಲ್ಡ್, 2009. ಮನುಷ್ಯರ ಕೂದಲ ಹಗ್ಗ, ಕಾರಿನ ಬಂಪರ್‌ಗಳು.
ಹರಕೆಗೆ ಮುಡಿ ಕೊಟ್ಟವರ ಕೂದಲಿನಿಂದ ಹೊಸೆದ ಈ ಹಗ್ಗವನ್ನು ದೃಷ್ಟಿ ತಾಗದಿರಲೆಂದು ವಾಹನಗಳಿಗೆ ಕಟ್ಟುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ.